ಏಳು ನೀರಿನ ಬಾವ

ಬಾವ ಅವರನ್ನು ನಾನು ಮೊದಲು ಕಂಡದ್ದು ಪುತ್ತೂರಿನಿಂದ ಕಡಬಕ್ಕೆ ಹೋಗುವ ಬಸ್ಸಿನ ನೆಲದ ಮೇಲೆ, ಮಂಡಿಯೂರಿದ ಭಂಗಿಯಲ್ಲಿ. ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಕಲಿತು ಹೊರಬಿದ್ದ ನನಗೆ ಮಂಡಿಯೂರಿದವರೆಲ್ಲ ಪ್ರಾರ್ಥಿಸುತ್ತಿರುತ್ತಾರೆಂಬ ನಂಬಿಕೆ ಇನ್ನೂ ಉಳಿದಿದ್ದುದರಿಂದ ನಾನೂ ಒಂದು ಕ್ಷಣ ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಂಡದ್ದು ದೇವರಲ್ಲ, ವಾಂತಿ. ಬೆತ್ತದ ಬುಟ್ಟಿಯೊಳಗಿನ ಒಂದು ನಾಯಿಮರಿ, ತಿರುವಿನಲ್ಲಿ ಬಸ್ಸು ವಾಲಿದ್ದನ್ನೇ ನೆಪ ಮಾಡಿಕೊಂಡು, ತನ್ನ ಒಳಗಿದ್ದುದನ್ನೆಲ್ಲ ಅರ್ಧ ನನ್ನ ಹೊಸ ಚಪ್ಪಲಿಗೂ ಇನ್ನರ್ಧ ಅವರು ಉಟ್ಟ ಬಿಳಿಯ ಮುಂಡಿನಲ್ಲಿ ಯಾರು ನೋಡಿದರೂ ತಪ್ಪು ತಿಳಿಯುವಂಥ ಜಾಗಕ್ಕೂ ಸಮನಾಗಿ ಹಂಚಿತ್ತು. ಉಳಿದ ಪ್ರಯಾಣಿಕರು ಮೂಗು ಮುಚ್ಚಿಕೊಂಡು ಹಿಂದಿನ ಸೀಟುಗಳಿಗೆ ವಲಸೆ ಹೋಗುತ್ತಿರುವಾಗ, ಖಾಕಿ ಕೋಟಿನ ಈ ಮನುಷ್ಯ ಮಾತ್ರ ಬಸ್ಸಿನ ಟಿಕೇಟಿನ ಅಂಚಿನಿಂದ ಅದನ್ನು ಕೆದಕಿ, ಕಪ್ಪು ತುಣುಕುಗಳನ್ನು ಒಂದೊಂದಾಗಿ ಬದಿಗಿರಿಸಿ, ಎಣಿಸಿ, ನಾನು ಮುಂದೆ ಎಷ್ಟೋ ಮದುವಣಿಗರ ಮುಖದಲ್ಲಿ ಹುಡುಕಿಯೂ ಕಾಣದಂಥ ಕಾಂತಿಯೊಂದಿಗೆ ತಲೆಯೆತ್ತಿ ಘೋಷಿಸಿದರು:

"ಬಂತು! ಪೂರಾ ಬಂತು, ಮಾರಾಯ್ರೆ!"

"ನಾಯಿಗೆ ಟಿಕೇಟು ತೆಗೀಲಿಲ್ಲ, ಈಗ ಅದರ ಲಗೇಜು ಬೇರೆ ಇಳಿಸಿದ್ದೀರಿ ಬಾವಾಕ," ಎಂದ ಕಂಡಕ್ಟರ್ ಸಲಾಂ, ಸೀಟಿ ಊದಿ ಬಸ್ಸು ನಿಲ್ಲಿಸುತ್ತ.

ಬಂದದ್ದು ಹೊಗೆಸೊಪ್ಪು. ಕಡಬದ ಬೀಡಾ ಅಂಗಡಿಯ ತ್ಯಾಂಪಣ್ಣ ಪುತ್ತೂರಿನ ಸಂತೆಯಲ್ಲಿ ಕೊಂಡ ಮರಿ, ಕೊಂಡ ಗಳಿಗೆಯಲ್ಲೇ ಅವನ ಚೀಲದೊಳಗೆ ಮೂತಿ ತೂರಿಸಿ ಮಾಲನ್ನು ನುಂಗಿ, ನೊರೆ ಸುರಿಸುತ್ತ ಓಲಾಡತೊಡಗಿತ್ತು. ಅಲ್ಲೇ ಇದ್ದ ಬಾವ ಅದಕ್ಕೆ ವಾಂತಿಯ ಮದ್ದು ಕುಡಿಸಿದ್ದರು. ಮದ್ದು ತನ್ನ ಕೆಲಸಕ್ಕೆ ಬಸ್ಸು ಹೊರಡುವುದನ್ನು ಕಾದಿತ್ತು. ರಸ್ತೆಬದಿಯ ತೋಡಿಗೆ ಇಳಿದ ಬಾವ ಕೋಟಿನ ಎಡಗಿಸೆಯಿಂದ ಒಂದು ಪೌಡರ್ ಡಬ್ಬಿ ತೆಗೆದರು. ಇಂಥ ಹೊತ್ತಿನಲ್ಲೂ ಪೌಡರ್ ಹಚ್ಚುವ ಗಂಡಸನ್ನು ನೋಡುವ ಕುತೂಹಲದಿಂದ ನಾನು ಕಿಟಕಿಯಿಂದ ಬಗ್ಗಿದೆ. ಡಬ್ಬಿಯಿಂದ ಉದುರಿದ್ದು ಜರಡಿ ಹಿಡಿದ ಕೆಮ್ಮಣ್ಣು. ಮೊದಲು ಒಮ್ಮೆ ಆ ಮಣ್ಣು ಕಲಸಿದ ನೀರು, ಆಮೇಲೆ ಬರಿಯ ನೀರು ಆರು ಸಲ, ಒಟ್ಟು ಏಳು. ಅವರ ಮತದ ಕಟ್ಟಳೆಯಲ್ಲಿ ನಾಯಿಯ ಜೊಲ್ಲು ತಾಗಿದ ಕೈ ಹಾಗೆಯೇ ಶುದ್ಧವಾಗಬೇಕು. ಬಸ್ಸಿನವರಿಗೆ ಇದು ಹಳೆಯ ಪಾಠ. ಅವರು ಒಟ್ಟಾಗಿ ಮಗ್ಗಿಯಂತೆ ಎಣಿಸಿದರು, ಆರಕ್ಕೇ ನಿಲ್ಲಿಸಿ ತಮಾಷೆ ಮಾಡಿದರು, ಬಾವ ತಲೆಯೆತ್ತದೆ ಏಳನೆಯದನ್ನೂ ತೊಳೆದರು. ಆ ದಿನ ಅವರು ಬಿಳಿಯ ಮುಂಡು ಉಟ್ಟಿದ್ದಕ್ಕೆ ಕಾರಣವಿತ್ತೆಂದು ಸಲಾಂ ಆಮೇಲೆ ಹೇಳಿದ: ಕಡಬದ ಅಡಿಕೆ ವ್ಯಾಪಾರಿ ಅಬ್ದುಲ್ಲ ಅವರ ತಂಗಿಯನ್ನು ತಮಗೆ ಕೇಳುವ ಮಾತಿಗೆ ಹೊರಟಿದ್ದರಂತೆ. ಮುಂಡಿಗಿಂತ ಮುಂಚೆ ಮುಂಡಿನ ಸುದ್ದಿ ಆ ಮನೆಯನ್ನು ತಲುಪಿತು. "ನಾಯಿಯ ಬಾಯಿಗೆ ಕೈ ಹಾಕುವವನ ಕೈಗೆ ಹುಡುಗಿ ಕೊಡುದಾ?" ಎಂದರಂತೆ ಅಬ್ದುಲ್ಲ. ಮಾತು ಅಲ್ಲಿಗೇ ಮುಗಿಯಿತು.

ಇದು ಐವತ್ತೆಂಟರ ಮಾತು. ಕಡಬ ಆಗ ಪುತ್ತೂರು ತಾಲೂಕಿನ ಒಂದು ಮೂಲೆ. ನಾನು ಅಲ್ಲಿಯ ಶಾಲೆಗೆ ಬಂದ ಹೊಸ ಟೀಚರ್. ಬಾವ ಅಲ್ಲಿಯ ದನದ ಆಸ್ಪತ್ರೆಯ ಕಂಪೌಂಡರ್, ನಲವತ್ತು ದಾಟಿದವರು. ಸರಕಾರದ ಲೆಕ್ಕದಲ್ಲಿ ಅದು ದನ, ಎಮ್ಮೆ, ಹೋರಿಗಳ ಆಸ್ಪತ್ರೆ. ನಾಯಿ, ಬೆಕ್ಕುಗಳಿಗೆ ಕಾಯಿಲೆ ಬರುತ್ತದೆಂಬುದನ್ನು ಸರಕಾರ ಇನ್ನೂ ಒಪ್ಪಿರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರರು ಬಾಗಿಲು ಮುಚ್ಚಿ ಹೋದ ಮೇಲೆ ಹಿತ್ತಿಲ ಜಗಲಿಯಲ್ಲಿ ಬಾವ ಅವರ ಸ್ವಂತ ಶ್ವಾನವಿಭಾಗ ತೆರೆದುಕೊಳ್ಳುತ್ತಿತ್ತು. ಯುದ್ಧಕಾಲದಲ್ಲಿ ಬರ್ಮಾದ ಗಡಿಯಲ್ಲಿ ಹೇಸರಗತ್ತೆಗಳ ಪಡೆಯೊಂದಿಗೆ ನಡೆದವರಂತೆ. ಅಲ್ಲಿಂದ ತಂದದ್ದು ಎರಡೇ: ಆ ಖಾಕಿ ಕೋಟು, ಮತ್ತು ಸದ್ದಿಲ್ಲದ ನಡಿಗೆ. ಬೆದರುವ ಪ್ರಾಣಿಗಳ ನಡುವೆ ಬಾಳಿದ ಪಾದಗಳು ನೆಲಕ್ಕೆ ಗೊತ್ತಾಗದಂತೆ ಊರುವುದನ್ನು ಕಲಿತಿದ್ದವು. ಅವರು ಬಂದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಹೋದದ್ದಂತೂ ಕೇಳಿಸಲೇ ಇಲ್ಲ. ಮೇ ತಿಂಗಳ ಸೆಕೆಯಲ್ಲೂ ಕೋಟು ಕಳಚುತ್ತಿರಲಿಲ್ಲ.

"ಎಂತ ಬಾವ, ಸೆಕೆ ಆಗುದಿಲ್ವಾ?" ಎಂದು ಕೇಳಿದರೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಓಡಿಸುತ್ತಿದ್ದರು. ಯಾವ ಪ್ರಶ್ನೆಗೂ ಉತ್ತರವನ್ನು ಹಾಗೆ ಎಣಿಸಿಯೇ ಕೊಡುವುದು ಅವರ ರೂಢಿ. "ಸೆಕೆ ಉಂಟು. ಕಿಸೆ ಬೇಕಲ್ಲ."

ಆ ಕಿಸೆಗಳಲ್ಲಿ ಹತ್ತಿ, ಮೊಂಡು ತುದಿಯ ಕತ್ತರಿ, ದಾರದ ಉಂಡೆ, ಬಾಯಿ ಅಗಲಿಸಲು ನಯಗೊಳಿಸಿದ ಒಂದು ಮರದ ತುಂಡು, ಮಣ್ಣಿನ ಡಬ್ಬಿ. ಊರಿಗೆಲ್ಲ ಅವರು ಬಾವ. ನಿಜವಾಗಿ ಭಾವ ಎನ್ನಲು ಅವರಿಗೆ ಹೆಂಡತಿಯೂ ಇರಲಿಲ್ಲ, ಹೆಂಡತಿಯ ತಮ್ಮಂದಿರೂ ಇರಲಿಲ್ಲ. ಹೀಗೆ ಹೆಸರಿನಲ್ಲೇ ಬಂಧುತ್ವವನ್ನು ಇಟ್ಟುಕೊಂಡು ಬಂಧುಗಳಿಲ್ಲದೆ ಬದುಕಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆಸ್ಪತ್ರೆಯ ಹಿಂದಿನ ಒಂದು ಕೋಣೆ, ಒಂದು ಚಾಪೆ, ಒಂದು ತಟ್ಟೆ. ಅರಂತೋಡಿನಲ್ಲಿದ್ದ ತಂಗಿ ಅಲೀಮಮ್ಮ ಅಣ್ಣನನ್ನು ಪ್ರೀತಿಸುತ್ತಿದ್ದಳು, ಪೆರ್ನಾಳ್ ಹಬ್ಬಕ್ಕೆ ಕರೆಯುತ್ತಿದ್ದಳು. ಆದರೆ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ಆ ದಿನ ಅವಳ ಗಂಡನ ಮನೆಯವರು ಇವರಿಗೆ ಚಾವಡಿಯಲ್ಲಿ ಬೇರೆ ತಟ್ಟೆ ಹಾಕುತ್ತಿದ್ದರು.

"ಏಳು ಸಲ ತೊಳೆದ್ರೆ ಶುದ್ಧ ಅಂತ ಕಿತಾಬಿನಲ್ಲಿ ಉಂಟು ಟೀಚರೇ, ಮಸೀದಿಯ ಮುಸ್ಲಿಯಾರರೂ ಅದನ್ನೇ ಹೇಳಿದ್ದು," ಎಂದರು ಬಾವ ಒಮ್ಮೆ, ದೂರುವ ಧ್ವನಿಯೇ ಇಲ್ಲದೆ. "ಎಂಟನೇದು ಜನರ ಮನಸ್ಸಿನಲ್ಲಿ ತೊಳೀಬೇಕಾದ್ದು. ಅದು ನನ್ನ ಕೈಗೆ ಸಿಕ್ಕುದಿಲ್ಲ."

ಪ್ರಾಣಿ ಏನನ್ನಾದರೂ ನುಂಗಿದೆಯೆಂದು ಯಾರೇ ಓಡಿಬರಲಿ, ಬಾವ ಪ್ರಾಣಿಯನ್ನು ನೋಡುವ ಮೊದಲು ಆ ಮನುಷ್ಯನ ಮುಖವನ್ನು ನೋಡಿ ಮೂರು ಪ್ರಶ್ನೆ ಕೇಳುತ್ತಿದ್ದರು: ಎಂತ? ಎಷ್ಟು? ಯಾವಾಗ? ಇವುಗಳಿಗೆ ಉತ್ತರ ಬರುವವರೆಗೆ ಕೋಟಿನ ಕಿಸೆಗೆ ಕೈ ಇಳಿಯುತ್ತಿರಲಿಲ್ಲ. ಜನ ಗಾಬರಿಯಲ್ಲಿ ಹಾಲು ಸುರಿದು, ಉಪ್ಪು ಕದಡಿ, ಎಣ್ಣೆ ಹೊಯ್ದು, ಕಾಲು ಹಿಡಿದು ತಲೆಕೆಳಗು ಮಾಡಿ, ಕೊನೆಗೆ ಅರ್ಧಜೀವವಾದ ನಾಯಿಯನ್ನು ತಂದು ಮುಂದೆ ಇಡುತ್ತಿದ್ದರು. ಬಾವ ಅವರ ಮೊದಲ ಮದ್ದು, ಮಾಡುತ್ತಿರುವುದನ್ನು ನಿಲ್ಲಿಸಿರಿ ಎಂಬುದು. ಒಳಗಿನದನ್ನು ಹೊರಹಾಕಿದರೆ ಜೀವ ಹಗುರಾಗುತ್ತದೆಂದು ನಮ್ಮ ಕಾನ್ವೆಂಟಿನ ಮದರ್ ಶನಿವಾರ ಶನಿವಾರ ಬೋಧಿಸುತ್ತಿದ್ದರು. ಅವರು ಹೇಳಿದ್ದು ಪಾಪದ ಬಗ್ಗೆ. ನುಂಗಿದ ವಸ್ತುಗಳ ವಿಷಯದಲ್ಲಿ ಬಾವ ಅಷ್ಟು ಉದಾರಿಯಲ್ಲ. ಕೆಲವನ್ನು ಮಾತ್ರ ಹೊರಡಿಸಬೇಕು, ಕೆಲವನ್ನು ಒಳಗೇ ಸಾಗಹಾಕಬೇಕು. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಆಸಿಡ್ಡನ್ನು ನೆಕ್ಕಿದ ನಾಯಿಗೆ ವಾಂತಿ ಮಾಡಿಸಹೊರಟ ಒಬ್ಬರಿಗೆ ಅವರು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: "ಹೋಗುವಾಗ ಒಮ್ಮೆ ಸುಟ್ಟಾಗಿದೆ. ಹಿಂದೆ ಬರುವಾಗ ಇನ್ನೊಮ್ಮೆ ಸುಡುದು ಎಂತಕೆ?" ಸೂಜಿ, ಗಾಳ, ಮುಳ್ಳುಗಳಿಗೂ ಅದೇ ನ್ಯಾಯ. "ಬಾಯಿಯಿಂದ ಹೋದದ್ದು ಬಾಯಿಂದಲೇ ಬರ್ಬೇಕು ಅಂತ ಎಲ್ಲಿ ಬರ್ದುಂಟು?"

ಪೆರಾಬೆಯ ಒಂದು ಅಡಿಕೆ ತೋಟದ ಮನೆಯಲ್ಲಿ, ಮಳೆಗಾಲದ ಮದ್ದು ಬಿಡುವ ದಿನಗಳಲ್ಲಿ, ನಾಯಿ ಮೈಲುತುತ್ತಿನ ಪೀಪಾಯಿಗೆ ಬಾಯಿ ಹಾಕಿತ್ತು. ನುಂಗಬಾರದ ತುತ್ತುಗಳಲ್ಲಿ ಅದು ಮೊದಲನೆಯದು. ಯಾವಾಗ ಎಂದು ಕೇಳಿದ್ದಕ್ಕೆ, ತಡಮಾಡಿದ ನಾಚಿಕೆಯಿಂದ, ಯಜಮಾನರು "ಈಗ" ಎಂದರು. ಬಾವ ನಾಯಿಯ ವಸಡಿನ ಬಣ್ಣ ನೋಡಿ, "ಈಗ ಅಂದ್ರೆ ಈಗಿನ ಈಗವಾ, ಬೆಳಗ್ಗಿನ ಈಗವಾ?" ಎಂದು ಮೆಲ್ಲನೆ ಕೇಳಿದರು. ಬೆಳಗ್ಗಿನದೇ ಎಂದು ಇತ್ಯರ್ಥವಾಯಿತು. ಮೊಟ್ಟೆಯ ಬಿಳಿ ಬೇಕು ಎಂದರು. ಈರುಳ್ಳಿಯೂ ಹೊಸ್ತಿಲು ದಾಟದ ಮನೆಯದು! ಕೊನೆಗೆ ಕೆಲಸದವರ ಬಿಡಾರದಿಂದ ಆರು ಮೊಟ್ಟೆಗಳು ಹಟ್ಟಿಯ ಹಿಂದಿನಿಂದ ಸೆರಗಿನ ಮರೆಯಲ್ಲಿ ಬಂದವು. ಯಜಮಾನರು ತೆಂಗಿನ ಮರದ ಕಡೆ ತಿರುಗಿ ನಿಂತು, "ನಾನೆಂತದೂ ನೋಡ್ಲಿಲ್ಲ, ನೀವು ಮಾಡುದು ಮಾಡಿ," ಎಂದರು. ನಾಯಿ ಬದುಕಿತು. ಬಾವ ಅವರಿಗೆ ಅಂಗಳದ ತುದಿಯಲ್ಲಿ ತೆಂಗಿನಕಾಯಿಯ ಗೆರಟೆಯಲ್ಲಿ ಕಾಫಿ ಸಿಕ್ಕಿತು. ಕುಡಿದು, ಗೆರಟೆಯನ್ನು ತಾವೇ ಬೇಲಿಯಾಚೆ ಎಸೆದರು. ತಮ್ಮವರಿಗೆ ನಾಯಿಯಿಂದಾಗಿ ಬೇಡವಾಗಿ, ಪರರಿಗೆ ತಮ್ಮಿಂದಾಗಿಯೇ ಬೇಡವಾಗಿ, ಎರಡು ಶುದ್ಧಿಗಳ ನಡುವಿನ ಆ ಇಕ್ಕಟ್ಟಾದ ಓಣಿಯಲ್ಲಿ ಅವರು ಯಾರ ಮೈಗೂ ತಾಗದಂತೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಅರವತ್ತೆರಡರಲ್ಲಿ ನನಗೆ ನೆಲ್ಯಾಡಿಗೆ ವರ್ಗವಾಯಿತು. ತಿರುವಾಂಕೂರಿನ ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳು ಕಾಡು ಕಡಿದು ರಬ್ಬರ್ ನೆಟ್ಟ ಗುಡ್ಡಗಳು ಅವು. ಚಾಂಡಿ ಎಂಬ ಕೃಷಿಕರ ಮನೆಯ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮೇಲಿನ ಗುಡ್ಡದಲ್ಲಿ ರೋಸಿಲಿ ಎಂಬ ವಿಧವೆ, ಇನ್ನೂರು ಮರಗಳು, ಮತ್ತು ಕೈಸರ್ ಎಂಬ ನಾಯಿ. ಗಂಡ ಮತ್ತಾಯಿ ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕನ್ನಡ ಅವಳಿಗೆ ಅಂಗಡಿಯ ಮಟ್ಟಕ್ಕೆ ಬರುತ್ತಿತ್ತು, ಅದಕ್ಕಿಂತ ಮೇಲಿನ ಮಾತನ್ನೆಲ್ಲ ಅವಳು ಆಡುತ್ತಿದ್ದುದು ಕೈಸರನೊಂದಿಗೆ. ಕಾಡುಹಂದಿ ಬಂದರೆ ಓಡಿಸುವವನು ಅವನು; ದಾರಿಹೋಕರು ಬೇಲಿಯ ಬಳಿ ಸುಮ್ಮನೆ ನಿಂತರೆ ಯಾಕೆ ನಿಂತಿರಿ ಎಂದು ವಿಚಾರಿಸುವವನು ಅವನು; ಮರದಿಂದ ಮರಕ್ಕೆ ಅವಳ ಹಿಂದೆ ನಡೆದು ಮತ್ತಾಯಿ ಇದ್ದಾಗಿನ ಸುದ್ದಿಗಳನ್ನೆಲ್ಲ ಮತ್ತೆ ಮತ್ತೆ ಕೇಳಿಸಿಕೊಳ್ಳುವವನೂ ಅವನೇ. ಅವನಿಲ್ಲದಿದ್ದರೆ ಆ ಗುಡ್ಡದಲ್ಲಿ ಇರಲಾರೆ, ಇದ್ದುದನ್ನು ಬಿಟ್ಟು ಅಣ್ಣಂದಿರ ಮನೆಯ ಅಡುಗೆಮೂಲೆ ಸೇರಬೇಕು ಎಂದು ಅವಳೇ ಹೇಳುತ್ತಿದ್ದಳು.

ರಬ್ಬರ್ ಮರದ ಗೀರಿನಲ್ಲಿ ಹಿಂದಿನ ದಿನದ ಹಾಲು ಒಣಗಿ ಒಂದು ಉದ್ದ ಪಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬೆಳಗ್ಗೆ ಹೊಸ ಗೀರು ಹಾಕುವ ಮೊದಲು ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಒಂದೇ ಎಳೆತಕ್ಕೆ ಸುಲಿಯಬೇಕು. ದಿನಕ್ಕೆ ಇನ್ನೂರು ಸಲ ಹಾಗೆ ಎಳೆದ ಕೈಗೆ ಮನಸ್ಸಿನ ಅಪ್ಪಣೆ ಬೇಕಿರುವುದಿಲ್ಲ. ಸುಲಿದ ಪಟ್ಟಿಗಳು ಮನೆಯಲ್ಲಿ ಹಗ್ಗದ ಬದಲಿಗೆ ಒದಗುತ್ತವೆ. ಒಂದು ಸೋಮವಾರ ರೋಸಿಲಿ ಮೂರು ಪಟ್ಟಿಗಳನ್ನು ಎರಡು ಗಂಟು ಹಾಕಿ ಕೂಡಿಸಿ ಒಣಮೀನಿನ ಪೊಟ್ಟಣ ಕಟ್ಟಿಟ್ಟಳು. ಕೈಸರ್ ಪೊಟ್ಟಣವನ್ನು ಕಟ್ಟು ಸಮೇತ ನುಂಗಿದ. ಬುಧವಾರ ಬೆಳಗ್ಗೆ ಅವನ ಬಾಲದಡಿಯಲ್ಲಿ ಪಟ್ಟಿಯ ತುದಿಯೊಂದು ನೇತಾಡುವುದು ಅವಳ ಕಣ್ಣಿಗೆ ಬಿತ್ತು. ಕಂಡದ್ದೇ ತಡ, ಕೈ ಹೋಯಿತು, ಎರಡು ಬೆರಳು ಹಿಡಿದವು, ಎಳೆದವು. ನಾಯಿಯ ಆ ಕೂಗು ಕೆಳಗೆ ನನ್ನ ಕೋಣೆಗೂ ಕೇಳಿಸಿತು.

"ಎಂಡೆ ಮಾತಾವೇ! ಟೀಚರೇ, ನಾನೇ ಕೊಂದೆ ಅವನ್ನ," ಎಂದು ಅವಳು ಓಡಿಬಂದಾಗ ನಾನು ಮಾಡಿದ್ದು ಒಂದೇ: ಬಾವ ಅವರ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಕಡಬಕ್ಕೆ ಹೋಗುವವರ ಕೈಯಲ್ಲಿ ಕಳಿಸಿದೆ. ಮಧ್ಯಾಹ್ನ ದಾಟುವಷ್ಟರಲ್ಲಿ, ಹೊಳೆ ದಾಟಿ ನಡೆದೇ ಬಂದ ಬಾವ, ಎಂದಿನಂತೆ ಸದ್ದಿಲ್ಲದೆ, ಅಂಗಳದಲ್ಲಿದ್ದರು.

ಬಂದವರು ಮೊದಲು ನೇತಾಡುತ್ತಿದ್ದ ತುದಿಯನ್ನು ಎಳೆಯದೆ, ಮೊಂಡು ಕತ್ತರಿಯಿಂದ ಸಮೀಪಕ್ಕೆ ಕತ್ತರಿಸಿದರು. ಆಮೇಲೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು: ದಾರದ ಉಂಡೆ ಹಿಡಿದು ತೋಟಕ್ಕೆ ಹೋಗಿ, ಪಟ್ಟಿ ಯಾವ ಮೂರು ಮರಗಳದೆಂದು ರೋಸಿಲಿಯಿಂದ ಕೇಳಿ, ಆ ಮರಗಳ ಗೀರಿನ ಉದ್ದವನ್ನು ದಾರದಲ್ಲಿ ಅಳೆದು ತಂದರು. ಕತ್ತರಿಸಿದ ತುಂಡನ್ನು ಅದರ ಬದಿಗಿಟ್ಟು, "ಎರಡು ಮೊಳದ ಹತ್ತಿರ ಒಳಗೆ ಉಂಟು. ಎರಡು ಗಂಟೂ ಒಳಗೇ ಉಂಟು," ಎಂದರು. ಡಾಕ್ಟರರಿಗೆ ಬಸ್ಸಿನಲ್ಲಿ ಹೇಳಿಕಳಿಸಿದ್ದಕ್ಕೆ, ಹೊಟ್ಟೆ ಉಬ್ಬಿದರೆ ಮಂಗಳೂರಿಗೆ ತಂದು ಕೊಯ್ಯಬೇಕು, ಅಷ್ಟು ದೂರ ಜೀವ ತಾಳುವುದು ಸಂಶಯ ಎಂಬ ಉತ್ತರ ಬಂತು. ಉಳಿದದ್ದು ತೆಳು ಗಂಜಿ, ನೀರು, ಮತ್ತು ಕಾಯುವಿಕೆ. ಬಾವ ಅವರ ಕಾಯಕವೇ ಕಾಯುವುದಾಗಿತ್ತು. ಅದೂ ಎಂಥ ದಿಕ್ಕನ್ನು ನೋಡುತ್ತ ಎಂದು ವಿವರಿಸಲು ನನ್ನ ಕಾನ್ವೆಂಟ್ ವಿದ್ಯಾಭ್ಯಾಸ ಅಡ್ಡ ಬರುತ್ತದೆ.

ಹಗಲಿಡೀ ಅವರು ರೋಸಿಲಿಯ ಅಂಗಳದ ಹಲಸಿನ ಬುಡದಲ್ಲಿ, ನಾಯಿಯಿಂದ ಒಂದು ಮಾರು ದೂರದಲ್ಲಿ ಕುಳಿತಿರುತ್ತಿದ್ದರು. ರಾತ್ರಿ ಮಲಗಲು ಚಾಂಡಿಯ ರಬ್ಬರ್ ಶೀಟಿನ ಶೆಡ್ಡು. ಒಂಟಿ ಗಂಡಸು, ವಿಧವೆ, ಇಬ್ಬರಿಗೂ ಮಾತು ಒಗ್ಗದು. ಮೊದಲ ದಿನವಿಡೀ ಗಾಳಿ ಮಾತ್ರ ಮಾತಾಡಿತು. ಎರಡನೆಯ ದಿನ ರೋಸಿಲಿ ಬಾಗಿಲಲ್ಲಿ ನಿಂತು, ಮಾತಾಡಿ ರೂಢಿಯಿದ್ದ ಒಂದೇ ಜೀವಕ್ಕೆ ಮಾತಾಡಿದಳು:

"ಕೈಸರೇ, ಕಂಪೌಂಡರಿಗೆ ಕಾಪಿ ಬೇಕಾ ಕೇಳು."

ಬಾವ ಗೆಣ್ಣುಗಳನ್ನು ಎಣಿಸಿ, ನಾಯಿಗೇ ಹೇಳಿದರು: "ಕೈಸರೇ, ಬೆಲ್ಲ ಕಮ್ಮಿ ಹಾಕ್ಲಿಕ್ಕೆ ಹೇಳು."

ಕಾಫಿ ಬಂದದ್ದು ಮತ್ತಾಯಿಯ ಹಿತ್ತಾಳೆಯ ಲೋಟದಲ್ಲಿ, ಒಳಗಿನ ಕಪಾಟಿನಿಂದ. ಬಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಡಿಯದೆ ಕೂತದ್ದನ್ನು ನಾನು ನೋಡಿದೆ. ಆಮೇಲೆ ಆ ಮಾತುಕತೆ ನಿಲ್ಲಲಿಲ್ಲ. ಆ ನೋವಿನಲ್ಲೂ ಕೈಸರ್ ಇಬ್ಬರ ನಡುವೆ ದುಭಾಷಿಯಾಗಿ ಮಲಗಿದ್ದ. "ಕೈಸರೇ, ಇವರಿಗೆ ಊರಲ್ಲಿ ಯಾರೂ ಇಲ್ವಾ ಕೇಳು." "ತಂಗಿ ಉಂಟು ಹೇಳು. ದೂರ ಉಂಟು ಹೇಳು." "ಕೈಸರೇ, ಬರ್ಮಾದಲ್ಲಿ ಚಳಿಯಾ ಕೇಳು." ಗಂಜಿ ಕುಡಿಸಿದ ಮೇಲೆ ಬಾವ ಡಬ್ಬಿ ತೆಗೆದು ತೊಳೆಯಲು ಹೊರಟರೆ ರೋಸಿಲಿ ಕೊಳವೆಮೂತಿಯ ಕಿಂಡಿಚೆಂಬು ಹಿಡಿದು ನೀರು ಹೊಯ್ಯತೊಡಗಿದಳು, ಎಣಿಕೆಯನ್ನೂ ತಾನೇ ವಹಿಸಿಕೊಂಡಳು: ಒನ್ನು, ರಂಡು, ಮೂನ್ನು... ನಗೆಯಿಲ್ಲದೆ, ತಪ್ಪದೆ, ಏಳರವರೆಗೆ. ಅವರ ಕೈಗೆ ಇನ್ನೊಬ್ಬರು ನೀರು ಹೊಯ್ದದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಗುರುವಾರ ಸಂಜೆ ಒಂದು ಗಂಟು ಹೊರಬಂತು. ಬಾವ ಅದನ್ನು ಕತ್ತರಿಸಿ ದಾರದ ಬದಿಗಿಟ್ಟರು. ಕೆಳಗಿನ ಅಂಗಡಿಯಲ್ಲಿ ಊರು ಹೇಳಿತು: ಎರಡು ಗಂಟು ನಾಯಿಯದು, ಮೂರನೇ ಗಂಟು ಕಂಪೌಂಡರರೇ ಹಾಕಿ ಹೋಗುವ ಅಂದಾಜು ಉಂಟು. ಈ ಹಾಸ್ಯವನ್ನು ಕೇಳಿ ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಶ್ಲೇಷೆ ಎಲ್ಲಿ ಕಂಡರೂ ನಗುವುದು ನನ್ನ ದೌರ್ಬಲ್ಯ. ಮರುದಿನ ನಗು ನಿಂತಿತು. ಶುಕ್ರವಾರ ಕೈಸರ್ ಗಂಜಿಯಿಂದ ಮುಖ ತಿರುಗಿಸಿದ. ಕಣ್ಣು ಗುಳಿಬಿದ್ದವು, ಮೈ ಸುಡುತ್ತಿತ್ತು. ಬಾವ ಮಸೀದಿಯ ನಮಾಜಿಗೆ ಹೋಗಿ ಬಂದವರು ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. ಚಾಂಡಿ, ಒಳ್ಳೆಯ ಮನಸ್ಸಿನಿಂದಲೇ, ಪಿಕಾಸಿ ಹಿಡಿದು ಬಂದು ಕೇಳಿದರು: "ರೋಸಿಲೀ, ಹೊಂಡ ಎಲ್ಲಿ ತೋಡುದು? ಬೆಳಕಿರುವಾಗಲೇ ತೋಡುವ."

ರೋಸಿಲಿ ಕೈಯಲ್ಲಿದ್ದ ಸೌಟನ್ನು ಅವರ ಮೇಲೆ ಎಸೆದಳು. "ನಿನ್ನ ಅಪ್ಪನಿಗೆ ತೋಡು ಚಾಂಡಿಚ್ಚಾಯ!"

ಆಮೇಲೆ ಮೆಟ್ಟಿಲ ಮೇಲೆ ಕುಸಿದಳು. ಈ ಸಲ ನಾಯಿಯನ್ನು ನಡುವೆ ತರಲಿಲ್ಲ. ನೇರವಾಗಿ ಕೇಳಿದಳು: "ನಾನು ಎಳೆದದ್ದರಿಂದಲಾ?"

ಇಂಥಲ್ಲಿ ಇಲ್ಲ ಎನ್ನುವುದು ಲೋಕರೂಢಿ. ನಾನು ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಬಾವ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಎರಡು ಸುತ್ತು ಓಡಿಸಿದರು.

"ಎಳೆದದ್ದು ತಪ್ಪು. ಅವ ಕೂಗಿದ ಕೂಡ್ಲೆ ನಿಲ್ಲಿಸಿದ್ದು ಸರಿ. ನಿಲ್ಲಿಸಿದ್ದರಿಂದ ಇವತ್ತಿನವರೆಗೆ ಉಂಟು ನಾಯಿ. ನಾಳೆದು ನಂಗೆ ಗೊತ್ತಿಲ್ಲ."

ಸುಳ್ಳಿನ ಸಮಾಧಾನಕ್ಕಿಂತ ಈ ಒರಟು ಲೆಕ್ಕ ಅವಳನ್ನು ಹೇಗೆ ಎಬ್ಬಿಸಿ ನಿಲ್ಲಿಸಿತೋ ನಾನು ಅರಿಯೆ. ಎದ್ದು, ಮುಖ ತೊಳೆದು, ಚಮಚೆಯಲ್ಲಿ ನೀರು ತಂದು ನಾಯಿಯ ತುಟಿಯ ಮೂಲೆಗೆ ಹನಿಸುತ್ತ ಕೂತಳು. ಆಚೆಗೆ ಅವರು, ಈಚೆಗೆ ಇವಳು. ನಾನು ಶಾಲೆಯ ಉತ್ತರಪತ್ರಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದನ್ನೂ ತಿದ್ದಲಿಲ್ಲ.

ಶನಿವಾರ ಮೂರು ಗಂಟೆಯ ಬಿಸಿಲಿನಲ್ಲಿ ಕೈಸರ್ ತಾನಾಗಿ ಎದ್ದು, ನಡುಗುವ ಕಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಹಲಸಿನ ಬುಡದಲ್ಲಿ ಕುಕ್ಕರಿಸಿದ. ಬಾವ ಹೋಗಿ, ಕಡ್ಡಿಯಿಂದ ಬಿಡಿಸಿ, ಮಣ್ಣಿನಲ್ಲಿ ಉದ್ದಕ್ಕೆ ಚಾಚಿ, ದಾರದ ಬದಿಗಿಟ್ಟರು. ಎರಡನೆಯ ಗಂಟು ಅಲ್ಲಿತ್ತು. ತುಂಡುಗಳು ಕೂಡಿ ದಾರದ ತುದಿಯನ್ನು ಮುಟ್ಟಿದವು, ಒಂದು ಬೆರಳೂ ಕಮ್ಮಿಯಿಲ್ಲದೆ. ಈ ಸಲ ಅವರು ಕೂಗಲಿಲ್ಲ. "ಆಯ್ತು," ಎಂದರು, ಅಷ್ಟೇ. ರೋಸಿಲಿ ಕೊಂತದ ಜಪಮಣಿಗಳನ್ನು ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಕೂತು ಜೋರಾಗಿ ಅತ್ತಳು. ನಾಯಿ ಗಂಜಿಯ ಪಾತ್ರೆಯನ್ನು ನೆಕ್ಕುವ ಸದ್ದು ಅದರ ನಡುವೆ ಕೇಳಿಸುತ್ತಿತ್ತು.

ಭಾನುವಾರ ಬೆಳಗ್ಗೆ ಬಾವ ಹೊರಟರು. ರೋಸಿಲಿ ಇಗರ್ಜಿಗೆ ಹೋಗುವ ಬಿಳಿಯ ಬಟ್ಟೆ ಉಟ್ಟು, ಕೊನೆಯ ಸಲ ಅವರ ಕೈಗೆ ನೀರು ಹೊಯ್ದಳು. ಆರು, ಏಳು. ಏಳಾಯಿತು, ಅವರು ಕೈ ಹಿಂತೆಗೆಯಲಿಲ್ಲ, ಕಿಂಡಿಯೂ ಬಾಗಿಯೇ ಇತ್ತು, ನೀರು ಎಣಿಕೆಯಿಲ್ಲದೆ ಸುರಿಯುತ್ತಿತ್ತು. ನಾನು ನೋಡಬಾರದ್ದನ್ನು ನೋಡಿದವಳಂತೆ ಹಲಸಿನ ಮರದ ಕಡೆ ತಿರುಗಿದೆ.

"ಈಚೆ ಬಂದಾಗ ಬನ್ನಿ," ಎಂದಳು ಅವಳು, ಕನ್ನಡದಲ್ಲಿ, ಅವರಿಗೇ.

ಬಾವ ತಲೆಯಾಡಿಸಿದರು. ಇಗರ್ಜಿಯ ದಾರಿ ಮೇಲಕ್ಕೆ, ಕಡಬದ ದಾರಿ ಕೆಳಕ್ಕೆ.

ಮರುವರ್ಷ ನನಗೆ ಪುತ್ತೂರಿಗೆ ವರ್ಗವಾಯಿತು. ಪುಟ್ಟ ಪುಟ್ಟ ಸುದ್ದಿಗಳು ಬರುತ್ತಿದ್ದವು: ರೋಸಿಲಿ ಗುಡ್ಡ ಬಿಟ್ಟಿಲ್ಲ, ಕೈಸರ್ ಗಟ್ಟಿಮುಟ್ಟಾಗಿದ್ದಾನೆ, ಬಾವ ಒಬ್ಬರೇ ಇದ್ದಾರೆ. ಆ ಮೂರು ಸುದ್ದಿಗಳನ್ನು ಒಟ್ಟಿಗಿಟ್ಟು ನಾನು ಎಷ್ಟೋ ಸಂಜೆ ಯೋಚಿಸಿದ್ದುಂಟು. ಕೆಲವರು ಹೀಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ: ಮನೆಗೆ ಆಪತ್ತು ಬಂದಾಗ ಮಾತ್ರ ಬರಲು ಗೊತ್ತಿರುವವರು, ಆಪತ್ತಿನ ಜೊತೆಯಲ್ಲೇ ಎದ್ದುಹೋಗುವವರು. ಗಾಯಕ್ಕೆ ಸುತ್ತಿದ ಬಟ್ಟೆಯನ್ನು ಗಾಯ ಮಾಗಿದ ಮೇಲೆ ಯಾರೂ ಮಡಚಿ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಬಟ್ಟೆಯೂ ಅದನ್ನು ನಿರೀಕ್ಷಿಸುವುದಿಲ್ಲ. ಸಂಕಟವಿಲ್ಲದ ಮನೆಯ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು, ಸುಮ್ಮನೆ ಬಂದೆ ಎಂದು ಹೇಳುವ ಧೈರ್ಯ ಇಂಥವರಿಗೆ ಇರುವುದಿಲ್ಲ. ಬೇರೆಯವರ ಜೀವ ಉಳಿಸಲು ಬೇಕಾದದ್ದಕ್ಕಿಂತ ದೊಡ್ಡ ಧೈರ್ಯ ಅದು. ಅವರ ಒಂಟಿತನ ಲೋಕ ಕೊಟ್ಟದ್ದು ಅರ್ಧ, ಉಳಿದರ್ಧ ಅವರೇ ಬೇಲಿಯಾಚೆ ನಿಂತು ಕಟ್ಟಿಕೊಂಡದ್ದು.

ಈ ತತ್ತ್ವವನ್ನು ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಅರವತ್ತೇಳರ ಒಂದು ಮಧ್ಯಾಹ್ನ ಪುತ್ತೂರಿನ ಬಸ್ಸು ನಿಲ್ದಾಣದಲ್ಲಿ ಬಾವ ಸಿಕ್ಕಿದರು. ಅದೇ ಕೋಟು, ಕೂದಲು ಮಾತ್ರ ಬೆಳ್ಳಗೆ. ಕುಶಲ ಕೇಳಿದೆ, ಚಹಾ ಕುಡಿದೆವು. ಅವರ ಬಸ್ಸು ಬಂದು ನಿಂತಾಗ ತಡೆಯಲಾಗದೆ ಕೇಳಿಯೇಬಿಟ್ಟೆ:

"ಬಾವಾ, ಅವಳು ಅಷ್ಟು ಹೇಳಿದ್ದಳಲ್ಲ. ನೀವು ಒಮ್ಮೆಯಾದರೂ ನೆಲ್ಯಾಡಿಗೆ ಹೋಗಬಾರದಿತ್ತೇ?"

ಅವರು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವರು ಹಿಂತಿರುಗಿ ನೋಡಿದರು.

"ಹೋಗಿದ್ದೆ ಟೀಚರೇ, ಮೂರು ಸಲ. ಕೈಸರ್ ಗೇಟು ದಾಟ್ಲಿಕ್ಕೆ ಬಿಡ್ಲಿಲ್ಲ."